ಮಳೆಗಾಲ ಬಂದರೆ ಪ್ಲೇಟ್‌ಲೆಟ್
ಮಲೇರಿಯಾದಿಂದ ಶುರುವಾದ ನನ್ನ ಸಂಶೋಧನೆ ಈಗ ಡೆಂಗಿಗೆ ಬಂದು ನಿಂತಿದೆ. ಕಲಬುರಗಿಯಲ್ಲಿ ಮಳೆ ಬಿದ್ದರೆ ಸಾಕು, ಜೇವರ್ಗಿ, ಆಳಂದ ಕಡೆಯವರು ರಿಪೋರ್ಟ್ ಹಿಡಿದು ನಮ್ಮ ರಕ್ತನಿಧಿಗೆ ಓಡಿ ಬರುತ್ತಾರೆ. “ಪ್ಲೇಟ್‌ಲೆಟ್ ನಲ್ವತ್ತು ಸಾವಿರಕ್ಕ ಬಂದಾವ್ರಿ ಸರ್, ಲಗೂನ ಕೊಡ್ರಿ!” ಪ್ಲೇಟ್‌ಲೆಟ್ ಅಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು. ರಕ್ತಸ್ರಾವ ಇಲ್ಲದಿದ್ದರೆ ಅಷ್ಟಕ್ಕೆಲ್ಲಾ ಸಾಮಾನ್ಯವಾಗಿ ಕೊಡುವುದಿಲ್ಲ. ಡೆಂಗಿಯಲ್ಲಿ ಜಾಸ್ತಿ ಅಪಾಯ ರಕ್ತನಾಳದಿಂದ ಪ್ಲಾಸ್ಮಾ, ಅಂದರೆ ರಕ್ತದ ದ್ರವ ಭಾಗ, ಸೋರುವುದು. ಅದಕ್ಕೆ ಬೇಕಾದದ್ದು ಸರಿಯಾದ ಅಳತೆಯ ಸಲೈನ್. ಆದರೆ ಮಗ ಮಲಗಿರುವಾಗ ಯಾರು ಕೇಳ್ತಾರೆ, ಅಲ್ವಾ?

ಪ್ಲೇಟ್‌ಲೆಟ್ ಬ್ಯಾಗನ್ನು ಫ್ರಿಜ್ಜಲ್ಲಿ ಇಡುವಂತಿಲ್ಲ. 20ರಿಂದ 24 ಡಿಗ್ರಿಯಲ್ಲಿ, ಸದಾ ತೂಗುವ ಯಂತ್ರದ ಮೇಲೆ, ಬರೀ 5 ದಿನ. ಕೊಡುವ ಮೊದಲು ಬೆಳಕಿಗೆ ಹಿಡಿದು ಮೆಲ್ಲಗೆ ಅಲುಗಿಸುತ್ತೇನೆ. ಒಳಗೆ ಸುಳಿಸುಳಿಯಾಗಿ ಮಿನುಗಬೇಕು. ಮಿನುಗದಿದ್ದರೆ ಪ್ಲೇಟ್‌ಲೆಟ್ ಕೆಟ್ಟಿರಬಹುದೆಂದು ಅನುಮಾನ. ಸುಮ್ನೆ ಪಕ್ಕಕ್ಕೆ ಇಡುತ್ತೇನೆ.