ಯಾವ ಬೈಕ್ ತಗೊಳ್ಳಲಿ? ಭಾನುವಾರ ಸಂಜೆ ನೆಲಮಂಗಲಕ್ಕೆ ಬನ್ನಿ

ಪೆಟ್ರೋಲ್ ಬಂಕಿನಲ್ಲಿ ಕೇಳುತ್ತಾರೆ. ಅಪಾರ್ಟ್‌ಮೆಂಟ್ ಲಿಫ್ಟಿನಲ್ಲಿ ಕೇಳುತ್ತಾರೆ. ಮೊನ್ನೆ ನೆಂಟರ ಮದುವೆಯಲ್ಲಿ ಊಟಕ್ಕೆ ಕೂತಾಗ ಪಕ್ಕದ ಎಲೆಯ ಹುಡುಗನೂ ಅದನ್ನೇ ಕೇಳಿದ. "ದಿನಾ ಆಫೀಸ್‌ಗೆ ಹೋಗಬೇಕು. ತಿಂಗಳಿಗೊಮ್ಮೆ ಘಾಟಿ ಕಡೆ ಹೋಗಬೇಕು. ವರ್ಷಕ್ಕೊಂದು ದೊಡ್ಡ ಟೂರ್ ಆಗಬೇಕು. ಎಲ್ಲಕ್ಕೂ ಒಂದೇ ಬೈಕ್. ಯಾವುದು ತಗೊಳ್ಳಲಿ?"

ಈ ಮೂರೂ ಕೆಲಸಕ್ಕೆ ಆಗುವ ಗಾಡಿಗೆ ಸ್ಪೋರ್ಟ್ ಟೂರರ್ ಅನ್ನುತ್ತಾರೆ. ಟಾರ್ ರಸ್ತೆಗೆ ಹೊಂದುವ ಚಕ್ರ, ಎದೆಗೆ ಗಾಳಿ ಬಡಿಯದ ಹಾಗೆ ಮುಂದೆ ಒಂದು ಮರೆ, ತೀರಾ ಬಗ್ಗದೆ ಕೂರುವ ಹ್ಯಾಂಡಲ್, ಹಿಂದೆ ಒಬ್ಬರಿಗೂ ಎರಡು ಬ್ಯಾಗಿಗೂ ಜಾಗ. ಮಿಡ್‌ಸೈಜ್ ಅಂದರೆ ನನ್ನ ಲೆಕ್ಕದಲ್ಲಿ ಸುಮಾರು 400 ಸಿಸಿಯಿಂದ 660 ಸಿಸಿವರೆಗೆ. ಇದರಲ್ಲಿ ಯಾವುದು ಅಂತ ಕೇಳಿದವರಿಗೆ ನಾನು ಮೊದಲು ಬೈಕಿನ ಹೆಸರು ಹೇಳುವುದಿಲ್ಲ. ನೆಲಮಂಗಲದ ಹೆಸರು ಹೇಳುತ್ತೇನೆ.

ಯಾಕೆ ಅಂತ ಹೇಳುತ್ತೇನೆ.

ಆರೇಳು ವರ್ಷದ ಹಿಂದಿನ ಮಾತು. ಉಜಿರೆಯ ಗೆಳೆಯನ ಮನೆಯಿಂದ ಭಾನುವಾರ ಬೆಳಗ್ಗೆ ಬೆಂಗಳೂರಿಗೆ ಹೊರಟಿದ್ದೆ. ಆಗ ನನ್ನ ಹತ್ತಿರ ಇದ್ದದ್ದು ಹ್ಯಾಂಡಲ್ ತಗ್ಗಿಸಿದ, ರೇಸ್ ಗಾಡಿಯ ಹಾಗೆ ಕಾಣುವ ಸಿಂಗಲ್ ಸಿಲಿಂಡರ್ ಬೈಕ್. ಚಾರ್ಮಾಡಿ ಹತ್ತುವಾಗ ಆದ ಖುಷಿ ಈಗಲೂ ನೆನಪಿದೆ. ತಿರುವು ಬಂದಷ್ಟೂ ಗಾಡಿ ತಾನೇ ವಾಲುತ್ತಿತ್ತು. ಕೊಟ್ಟಿಗೆಹಾರದಲ್ಲಿ ನೀರು ದೋಸೆ ತಿಂದು, ಮೂಡಿಗೆರೆ, ಬೇಲೂರು ಸುತ್ತಿಕೊಂಡು ಹಾಸನಕ್ಕೆ ಬರುವಾಗಲೂ ಎಲ್ಲ ಚೆನ್ನಾಗಿತ್ತು. ಕುಣಿಗಲ್ ದಾಟುವಾಗ ಮಣಿಕಟ್ಟು ಜುಮ್ ಅನ್ನೋಕೆ ಶುರುವಾಯಿತು. ಕೈ ಕೊಡವಿಕೊಂಡು ಮುಂದೆ ಬಂದೆ.

ಆಮೇಲೆ ನೆಲಮಂಗಲ. ಹಾಸನದಿಂದ ಬರುವ 75ನೇ ಹೆದ್ದಾರಿ, ತುಮಕೂರಿನಿಂದ ಬರುವ 48ನೇ ಹೆದ್ದಾರಿ ಎರಡೂ ಸೇರುವ ಜಾಗ. ಭಾನುವಾರ ಸಂಜೆ ಆರರ ಹೊತ್ತಿಗೆ ಅರ್ಧ ಕರ್ನಾಟಕ ಅಲ್ಲಿಂದ ಬೆಂಗಳೂರಿಗೆ ನುಗ್ಗುತ್ತಿರುತ್ತದೆ. ಕ್ಲಚ್ ಹಿಡಿ, ಬಿಡು, ಎರಡು ಮಾರು ಹೋಗು, ಮತ್ತೆ ಹಿಡಿ. ಬಗ್ಗಿ ಕೂತ ಮೈಯ ಭಾರವೆಲ್ಲ ಅಂಗೈ ಮೇಲೆ. ಎಂಜಿನ್ ತಣಿಸುವ ಫ್ಯಾನ್ ಓಡಿದಾಗಲೆಲ್ಲ ಬಿಸಿ ಗಾಳಿ ಬಲಗಾಲಿಗೆ. ಎಂಟನೇ ಮೈಲಿ ದಾಟಿ ದಾಸರಹಳ್ಳಿ ಹತ್ತಿರ ಒಂದು ಟೀ ಅಂಗಡಿ ಮುಂದೆ ಗಾಡಿ ನಿಲ್ಲಿಸಿದೆ. ಹೆಲ್ಮೆಟ್ ಪಟ್ಟಿ ಬಿಚ್ಚೋಣ ಅಂದರೆ ಎಡಗೈ ಬೆರಳು ಮಡಚಿದ್ದು ಮಡಚಿದ ಹಾಗೇ ಇತ್ತು. ಬಲಗೈಯಿಂದ ಒಂದೊಂದೇ ಬೆರಳು ಬಿಡಿಸಿದೆ. ಬಿಸಿ ಗ್ಲಾಸನ್ನು ಎರಡು ನಿಮಿಷ ಅಂಗೈಯಲ್ಲಿ ಒತ್ತಿ ಹಿಡಿದ ಮೇಲೆ ಬೆರಳು ಸಡಿಲಾಯಿತು.

ಆ ಟೀ ಕುಡಿಯುವಾಗ ಹೊಳೆದದ್ದು ಇದು. ದಿನದ ಓಡಾಟಕ್ಕೆ ಬೇಕಾದದ್ದು, ದೂರ ಪ್ರಯಾಣಕ್ಕೆ ಬೇಕಾದದ್ದು ಎರಡೂ ಒಟ್ಟಿಗೆ ಬೇಕಾಗುವುದು ಈ ಒಂದು ಗಂಟೆಯಲ್ಲಿ. ಮೈ ದಣಿದಿರುತ್ತದೆ. ಲಗೇಜ್ ಹಿಂದೆ ಇರುತ್ತದೆ. ಕತ್ತಲಾಗುತ್ತಿರುತ್ತದೆ. ಟ್ರಾಫಿಕ್ ಮಾತ್ರ ಸೋಮವಾರ ಬೆಳಗ್ಗಿನದೇ. ಅಲ್ಲಿ ಹೇಳಿದ ಮಾತು ಕೇಳುವ ಬೈಕ್ ಉಳಿದ ಕಡೆಯೂ ಕೇಳುತ್ತದೆ. ಆಮೇಲೆ ನಾನು ಓಡಿಸಿದ ಪ್ರತಿ ಬೈಕನ್ನೂ ಅಳೆದದ್ದು ಇದೇ ಅಳತೆಯಲ್ಲಿ.

ಮೊದಲು ಪವರ್ ವಿಷಯ ಮುಗಿಸಿಬಿಡೋಣ. ಎಲ್ಲರ ಮಾತು ಶುರುವಾಗುವುದು ಅಲ್ಲಿಂದಲೇ ಅಲ್ವಾ? 2018ರ ಕೇಂದ್ರ ಸರ್ಕಾರದ ಆದೇಶದ ಪ್ರಕಾರ ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ. ಊರೊಳಗೆ 60. ಮೈಸೂರಿಗೆ ಹೋಗುವವರಂತೂ 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಇಳಿಯುವ ಹಾಗೇ ಇಲ್ಲ. ಬಿಡದಿ, ರಾಮನಗರ, ಮಂಡ್ಯ ಅಂತ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಇಂಥ ಕಡೆ 68 ಪಿಎಸ್ (ಪವರ್ ಅಳೆಯುವ ಮಾನ, ಹಾರ್ಸ್‌ಪವರ್ ಥರದ್ದು) ಇದ್ದರೂ ಅಷ್ಟೇ, 47 ಇದ್ದರೂ ಅಷ್ಟೇ. ಪವರ್ ನಿಜವಾಗಿ ಬೇಕಾಗುವುದು ಎರಡು ಪಥದ ರಸ್ತೆಯಲ್ಲಿ, ಮುಂದೆ ಲಾರಿ ಇದ್ದಾಗ. ಗೇರ್ ಇಳಿಸದೆ 60ರಿಂದ 80ಕ್ಕೆ ಬೇಗ ಏರಿದರೆ ಎದುರಿನ ಬಸ್ಸು ಬರುವ ಮೊದಲೇ ನೀವು ನಿಮ್ಮ ಕಡೆಗೆ ವಾಪಸ್ ಬಂದಿರುತ್ತೀರಿ. ಅದಕ್ಕೆ ಬೇಕಾದದ್ದು ಕಡಿಮೆ ಆರ್‌ಪಿಎಂನಲ್ಲೇ, ಅಂದರೆ ಎಂಜಿನ್ ನಿಧಾನವಾಗಿ ತಿರುಗುವಾಗಲೇ ಸಿಗುವ ಟಾರ್ಕ್, ಎಳೆಯುವ ಬಲ. ಬ್ರೋಷರಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕುವ ಗರಿಷ್ಠ ಪವರ್ ಹುಟ್ಟುವುದು ಎಂಟೋ ಒಂಬತ್ತೋ ಸಾವಿರ ಆರ್‌ಪಿಎಂನಲ್ಲಿ. ಅಷ್ಟು ಎತ್ತರಕ್ಕೆ ನಾವು ಹೋಗುವುದೇ ಅಪರೂಪ.

ಇನ್ನು ಎಂಜಿನ್ನಿನ ನಡುಕ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಯಾಕೆಂದರೆ ಟೆಸ್ಟ್ ರೈಡಿನ ಹತ್ತು ನಿಮಿಷದಲ್ಲಿ ಇದು ಗೊತ್ತೇ ಆಗುವುದಿಲ್ಲ. ಸಿಂಗಲ್ ಸಿಲಿಂಡರ್ ಬೈಕಿನಲ್ಲಿ ಒಂದೇ ದೊಡ್ಡ ಪಿಸ್ಟನ್ ಮೇಲೆ ಕೆಳಗೆ ಬಡಿಯುತ್ತಿರುತ್ತದೆ. ಬ್ಯಾಲೆನ್ಸರ್ ಶಾಫ್ಟ್ ಹಾಕಿ ಅದನ್ನು ತಣಿಸುತ್ತಾರೆ, ಆದರೂ ಸ್ವಲ್ಪ ಉಳಿದೇ ಉಳಿಯುತ್ತದೆ. ಕವಾಸಕಿಯ 650, ಹೋಂಡಾದ 500 ಥರದ ಪ್ಯಾರಲಲ್ ಟ್ವಿನ್‌ಗಳಲ್ಲಿ, ಅಂದರೆ ಅಕ್ಕಪಕ್ಕ ಎರಡು ಸಿಲಿಂಡರ್ ಇರುವ ಎಂಜಿನ್‌ಗಳಲ್ಲಿ, ಒಂದು ಪಿಸ್ಟನ್ ಮೇಲೆ ಹೋಗುವಾಗ ಇನ್ನೊಂದು ಕೆಳಗೆ ಬರುತ್ತದೆ. ಒಂದರ ಏಟನ್ನು ಇನ್ನೊಂದು ನುಂಗಿಕೊಳ್ಳುತ್ತದೆ. ಹಾಗಂತ ಪೂರ್ತಿ ನಿಲ್ಲುವುದಿಲ್ಲ. ಸ್ವಲ್ಪ ಸಣ್ಣ ಝೇಂಕಾರ ಇದ್ದೇ ಇರುತ್ತದೆ. ಆದರೆ ಮೂರನೇ ಗಂಟೆಯಲ್ಲಿ ಕೈ ಜೋಮು ಹಿಡಿಯುವುದಕ್ಕೂ ಹಿಡಿಯದಿರುವುದಕ್ಕೂ ಇರುವ ವ್ಯತ್ಯಾಸ ಅಲ್ಲೇ ಇದೆ. ದಿನಕ್ಕೆ 200 ಕಿ.ಮೀ. ಒಳಗೇ ಓಡಿಸುವವರಿಗೆ ಒಳ್ಳೆಯ ಸಿಂಗಲ್ ಸಾಕು. 400 ದಾಟುವ ದಿನಗಳು ವರ್ಷಕ್ಕೆ ನಾಲ್ಕೈದಾದರೂ ಇದ್ದರೆ ಟ್ವಿನ್‌ಗೆ ದುಡ್ಡು ಕೂಡಿಡಿ ಅಂತಲೇ ನಾನು ಹೇಳುವುದು.

ಈಗ ಹೆಸರುಗಳು. ಕಡಿಮೆ ಖರ್ಚಿನಲ್ಲಿ ಬೇಕು ಅನ್ನುವವರಿಗೆ ಬಜಾಜ್‌ನ ಡೊಮಿನಾರ್ 400 ಇದೆ. 373 ಸಿಸಿ, 40 ಪಿಎಸ್, ಸಿಂಗಲ್ ಸಿಲಿಂಡರ್. ತೂಕ ಮಾತ್ರ 193 ಕೆ.ಜಿ. ಇದರ ಒಂದು ಗುಣ ಯಾವ ದುಬಾರಿ ಬೈಕಿಗೂ ಇಲ್ಲ. ಶಿರಸಿಯಲ್ಲೋ ಸಿಂಧನೂರಿನಲ್ಲೋ ಕೆಟ್ಟು ನಿಂತರೆ ಅದಕ್ಕೆ ಕೈ ಹಾಕುವ ಮೆಕ್ಯಾನಿಕ್ ಸಿಗುತ್ತಾನೆ.

ಕವಾಸಕಿಯ ನಿಂಜಾ 650 ನೋಡಲು ರೇಸ್ ಗಾಡಿಯ ಹಾಗಿದ್ದರೂ ಕೂರುವ ಭಂಗಿ ಅಷ್ಟು ಕಠಿಣವಲ್ಲ. 649 ಸಿಸಿ, 68 ಪಿಎಸ್, 196 ಕೆ.ಜಿ. ಸೀಟಿನ ಎತ್ತರ 790 ಮಿ.ಮೀ., ಹಾಗಾಗಿ ನಮ್ಮಲ್ಲಿ ಬಹಳ ಜನರಿಗೆ ಕಾಲು ಎಟಕುತ್ತದೆ. ಕ್ಲಚ್ ಹಗುರ. ಆದರೆ ಗಾಡಿಯ ತಳ ನೆಲದಿಂದ 130 ಮಿ.ಮೀ. ಅಷ್ಟೇ ಎತ್ತರ. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಬ್ಯಾಗ್ ಕಟ್ಟಿಕೊಂಡು ನಮ್ಮ ಹಳ್ಳಿಗಳ ಹಂಪ್ಸ್ ಹತ್ತುವಾಗ ಜೀವ ಬಾಯಿಗೆ ಬರುತ್ತದೆ. ಒಬ್ಬರೇ ಓಡಾಡುವವರು, ಘಾಟಿ ತಿರುವು ಅಂದರೆ ಪ್ರಾಣ ಬಿಡುವವರು ಇದನ್ನು ಧೈರ್ಯವಾಗಿ ತಗೊಳ್ಳಬಹುದು.

ನಾನು ಓಡಿಸುವುದು ಅದೇ ಎಂಜಿನ್ನಿನ ಇನ್ನೊಂದು ಗಾಡಿ, ವರ್ಸಿಸ್ 650. ಸೆಕೆಂಡ್ ಹ್ಯಾಂಡ್ ತಗೊಂಡೆ. ನೋಡಿದವರು ಕಾಡುಮೇಡು ಸುತ್ತುವ ಬೈಕ್ ಅಂದುಕೊಳ್ಳುತ್ತಾರೆ. ಅಂಥ ಬೈಕಿಗೆ ಮುಂದಿನ ಚಕ್ರ ಸಾಮಾನ್ಯವಾಗಿ ದೊಡ್ಡದಿರುತ್ತದೆ. ಇದರ ಚಕ್ರ ನೋಡಿ, ಹಿಂದೆ ಮುಂದೆ ಎರಡೂ 17 ಇಂಚು. ಪಕ್ಕಾ ರಸ್ತೆ ಬೈಕು. ನೆಲದಿಂದ 170 ಮಿ.ಮೀ., ಸಸ್ಪೆನ್ಷನ್ನಿನ ಓಡಾಟವೂ ಜಾಸ್ತಿ. ಗುಂಡಿಗೆ ಇಳಿದರೆ ಬೆನ್ನಿಗೆ ಸುದ್ದಿ ಮುಟ್ಟುವುದೇ ಇಲ್ಲ. ಟ್ಯಾಂಕ್ 21 ಲೀಟರ್. ನನಗೆ ಹೆದ್ದಾರಿಯಲ್ಲಿ ಲೀಟರಿಗೆ 22ರ ಹತ್ತಿರ ಕೊಡುತ್ತದೆ, ಅಂದರೆ ಬೆಂಗಳೂರಲ್ಲಿ ತುಂಬಿಸಿದರೆ ಹುಬ್ಬಳ್ಳಿಯವರೆಗೂ ಬಂಕ್ ಹುಡುಕುವ ಕೆಲಸವಿಲ್ಲ. ಚಿತ್ರದುರ್ಗದ ಹತ್ತಿರ ಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿರುತ್ತವಲ್ಲ, ಅಲ್ಲಿ ಅಡ್ಡಗಾಳಿ ಗಾಡಿಯನ್ನೇ ಪಕ್ಕಕ್ಕೆ ತಳ್ಳುತ್ತದೆ. ಅಂಥ ಕಡೆ ಮುಂದಿನ ಗಾಜೂ ಈ ತೂಕವೂ ಎಷ್ಟು ಸಹಾಯ ಅಂತ ಮೈಗೆ ಗೊತ್ತಾಗುತ್ತದೆ. ಇನ್ನೊಂದು ಸಣ್ಣ ವಿಷಯ ನನಗೆ ಬಹಳ ಇಷ್ಟ. ಸೀಟಿನ ಕೆಳಗೆ ಪಕ್ಕದಲ್ಲಿ ಒಂದು ತಿರುಗುಗುಂಡಿ ಇದೆ. ನನ್ನ ಹೆಂಡತಿ ಹಿಂದೆ ಕೂತಳು ಅಂದರೆ ಅದನ್ನು ಕೈಯಲ್ಲೇ ಒಂದಷ್ಟು ಸುತ್ತು ತಿರುಗಿಸುತ್ತೇನೆ. ಹಿಂದಿನ ಸ್ಪ್ರಿಂಗ್ ಗಟ್ಟಿಯಾಗಿ, ಕುಸಿದ ಗಾಡಿ ಮತ್ತೆ ನೆಟ್ಟಗಾಗುತ್ತದೆ. ಸ್ಪ್ಯಾನರ್ ಬೇಡ, ಏನೂ ಬೇಡ.

ಹಾಗಾದರೆ ಎಲ್ಲರಿಗೂ ಇದನ್ನೇ ಹೇಳುತ್ತೀನಾ? ಇಲ್ಲ. ಸೀಟಿನ ಎತ್ತರ 840ರ ಮೇಲೆ. ತೂಕ 218 ಕೆ.ಜಿ. ಸುಮಾರು. ನನ್ನ ಎತ್ತರ ಐದೂ ಮುಕ್ಕಾಲು ಅಡಿ, ನನಗೇ ಎರಡೂ ಕಾಲಿನ ಮುಂಗಾಲಷ್ಟೇ ಊರುತ್ತದೆ. ರಸ್ತೆ ಒಂದು ಕಡೆ ಇಳಿಜಾರಾಗಿದ್ದರೆ ಯಾವ ಕಾಲು ಊರಬೇಕು ಅಂತ ಮೊದಲೇ ಯೋಚಿಸಬೇಕು. ಐದೂವರೆ ಅಡಿಯ ಆಸುಪಾಸಿನವರು, ಮೊದಲ ಸಲ ದೊಡ್ಡ ಬೈಕ್ ತಗೊಳ್ಳುವವರು ಕೇಳಿದರೆ ನಾನು ಹೋಂಡಾ ಎನ್‌ಎಕ್ಸ್ 500 ಕಡೆ ಕೈ ತೋರಿಸುತ್ತೇನೆ. 471 ಸಿಸಿ, 47.5 ಪಿಎಸ್, 196 ಕೆ.ಜಿ. ಮುಂದಿನ ಚಕ್ರ 19 ಇಂಚು, ಹಾಗಾಗಿ ಅಪ್ಪಟ ಸ್ಪೋರ್ಟ್ ಟೂರರ್ ಅಲ್ಲ ಅಂತ ಜಗಳ ಮಾಡುವವರು ಇದ್ದಾರೆ. ಮಾಡಲಿ. ಗೆಳೆಯನ ಗಾಡಿಯನ್ನು ಭಾನುವಾರ ಸಂಜೆ ನೆಲಮಂಗಲದಿಂದ ಗೊರಗುಂಟೆಪಾಳ್ಯದವರೆಗೆ ನಾನೇ ಓಡಿಸಿದ್ದೇನೆ. ಕ್ಲಚ್ಚನ್ನು ಎರಡೇ ಬೆರಳಲ್ಲಿ ಹಿಡಿಯಬಹುದು. ಎರಡನೇ ಗೇರಿನಲ್ಲಿ ಆಮೆ ಹಾಗೆ ಹೋದರೂ ಎಂಜಿನ್ ಎಳೆದಾಡುವುದಿಲ್ಲ. ಮನೆಗೆ ಬಂದು ಇಳಿದಾಗ ಕೈ ಕೈಯ ಹಾಗೇ ಇತ್ತು. ಸೀಟ್ 830 ಮಿ.ಮೀ. ಇದೆ, ಅದನ್ನು ಮಾತ್ರ ಕೂತು ನೋಡಿಯೇ ತೀರ್ಮಾನಿಸಿ. ದುಡ್ಡು ಇನ್ನೂ ಇದೆ ಅನ್ನುವವರಿಗೆ ಟ್ರಯಂಫ್ ಟೈಗರ್ ಸ್ಪೋರ್ಟ್ 660. ಮೂರು ಸಿಲಿಂಡರ್, ಬೆಣ್ಣೆಯ ಹಾಗೆ ನಯ.

ದುಡ್ಡಿನ ಮಾತು ಬಂತಲ್ಲ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ದಾಟಿದ ಬೈಕಿಗೆ ಜಿಎಸ್‌ಟಿ ಶೇ 40. ಅದರೊಳಗಿನದಕ್ಕೆ ಶೇ 18. ಇದರ ಮೇಲೆ ಕರ್ನಾಟಕದಲ್ಲಿ ಒಂದು ಲಕ್ಷ ದಾಟಿದ ಬೈಕಿಗೆ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಏಳು ಲಕ್ಷದ ಗಾಡಿಗೆ ಆರ್‌ಟಿಒ ಲೆಕ್ಕವೇ ಒಂದೂಕಾಲು ಲಕ್ಷ ದಾಟುತ್ತದೆ. ಹಾಗಾಗಿ ಮೂರ್ನಾಲ್ಕು ವರ್ಷ ಹಳೆಯ, ಚೆನ್ನಾಗಿ ಸಾಕಿದ ಗಾಡಿ ಸಿಕ್ಕರೆ ಬಿಡಬೇಡಿ. ಆ ತೆರಿಗೆಯನ್ನು ಮೊದಲಿನವರು ಕಟ್ಟಿರುತ್ತಾರೆ. ಉಳಿದ ದುಡ್ಡಿನಲ್ಲಿ ಒಳ್ಳೆಯ ಟೈರ್, ಒಳ್ಳೆಯ ಜಾಕೆಟ್, ಒಳ್ಳೆಯ ಹೆಲ್ಮೆಟ್ ತಗೊಳ್ಳಿ. ಟೈರಿಗೆ ಮೊದಲೇ ಎತ್ತಿಡಿ. ಈ ಗಾತ್ರದ ಬೈಕಿನ ಹಿಂದಿನ ರೇಡಿಯಲ್ ಟೈರ್ ಒಂದಕ್ಕೇ ಹತ್ತು ಹದಿನೈದು ಸಾವಿರ ಆಗುತ್ತದೆ. ರೈಡ್ ಮೋಡ್, ಬಣ್ಣದ ಸ್ಕ್ರೀನ್, ಬ್ಲೂಟೂತ್ ಇವೆಲ್ಲ ಇದ್ದರೆ ಇರಲಿ, ಇಲ್ಲದಿದ್ದರೂ ನಡೆಯುತ್ತದೆ.

ಶೋರೂಮಿನಲ್ಲಿ ಮಾಡಬೇಕಾದ ಒಂದು ಕೆಲಸ ಇದೆ. ಗಾಡಿ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವ ಮೊದಲು, ಇಳಿದು ನಿಂತು ಅದನ್ನು ಹಿಂದಕ್ಕೆ ತಳ್ಳಿ ನೋಡಿ. ಸಣ್ಣ ಏರು ಇದ್ದರೆ ಇನ್ನೂ ಒಳ್ಳೆಯದು. ದಿನಾ ಬೆಳಗ್ಗೆ ನಿಮ್ಮ ಬೇಸ್‌ಮೆಂಟಿನಲ್ಲಿ ಎರಡು ಕಾರಿನ ಮಧ್ಯೆಯಿಂದ ಅದನ್ನು ಹೊರಗೆ ತೆಗೆಯಬೇಕಾದವರು ನೀವೇ. ತಳ್ಳಲು ಕಷ್ಟ ಅನಿಸಿದ ಗಾಡಿಯನ್ನು ಮೂರನೇ ತಿಂಗಳಿಗೆ ಮೂಲೆಯಲ್ಲಿ ಬಿಟ್ಟು ಸ್ಕೂಟರಿನಲ್ಲಿ ಆಫೀಸಿಗೆ ಹೋಗುವವರು ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇಬ್ಬರಿದ್ದಾರೆ. ಆ ಎರಡೂ ಬೈಕಿನ ಮೇಲಿನ ಧೂಳು ನೋಡಿದಾಗ ನನಗೆ ಸಂಕಟವಾಗುತ್ತದೆ.

ಹಿಂದೆ ಕೂರುವವರು ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಅವರ ಮೊಣಕಾಲು ಎಷ್ಟು ಮಡಚುತ್ತದೆ, ಹಿಡಿದುಕೊಳ್ಳಲು ಏನಿದೆ ಅಂತ ಅವರನ್ನೇ ಕೇಳಿ.

ಆಮೇಲೆ ಇಷ್ಟು ಮಾಡಿ. ಬೆಂಗಳೂರಲ್ಲಿ ಈ ಥರದ ಬೈಕ್‌ಗಳು ಬಾಡಿಗೆಗೂ ಸಿಗುತ್ತವೆ, ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರದವು. ನೀವು ತಗೊಳ್ಳಬೇಕು ಅಂದುಕೊಂಡದ್ದೇ ಸಿಕ್ಕರೆ ಒಂದು ಭಾನುವಾರಕ್ಕೆ ತಗೊಳ್ಳಿ. ಬೆಳಗ್ಗೆ ಐದಕ್ಕೆ ಹೊರಟು ಬೇಲೂರಿಗೆ ಹೋಗಿ. ದೇವಸ್ಥಾನ ನೋಡಿ, ಊಟ ಮಾಡಿ, ಆರಾಮಾಗಿ ಹೊರಡಿ. ಸಂಜೆ ಆರಕ್ಕೆ ಸರಿಯಾಗಿ ನೆಲಮಂಗಲದಲ್ಲಿರಿ. ಬೇರೆ ದಾರಿ ಹುಡುಕಬೇಡಿ. ಗೊರಗುಂಟೆಪಾಳ್ಯದ ಸಿಗ್ನಲ್ ದಾಟಿದ ಮೇಲೆ ಗಾಡಿ ಪಕ್ಕಕ್ಕೆ ನಿಲ್ಲಿಸಿ ಹೆಲ್ಮೆಟ್ ಪಟ್ಟಿ ಬಿಚ್ಚಿ. ಬೆರಳು ಸಲೀಸಾಗಿ ಬಂತಾ? ಬಂದರೆ ಸೋಮವಾರ ಹೋಗಿ ಅಡ್ವಾನ್ಸ್ ಕೊಟ್ಟು ಬನ್ನಿ.