ಗೈಗರ್ ಕೌಂಟರ್, ಮೂರನೇ ವಾರ: ವಾಚ್ ಬಿಚ್ಚಲಿಲ್ಲ

ಶನಿವಾರ: ವಿಕಿರಣ ತಾಗಿದಾಗಲೆಲ್ಲ ಟಿಕ್ ಅನ್ನಬೇಕಾದ ಗೈಗರ್ ಕೌಂಟರ್ ಕಿಟ್ ಕೊನೆಗೂ ಟಿಕ್ ಅಂದಿತು. ಇಷ್ಟು ದಿನ ಸುಮ್ನೆ ಬಿದ್ದಿದ್ದಕ್ಕೆ ಕಾರಣ ಒಂದು ಡಯೋಡ್, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ. ನಾನೇ ಉಲ್ಟಾ ಬೆಸುಗೆ ಹಾಕಿದ್ದೆ. ವಿಕಿರಣ ಹಿಡಿಯುವ ಟ್ಯೂಬು ಎಸ್‌ಬಿಎಂ-20, ಅದಕ್ಕೆ 400 ವೋಲ್ಟ್ ಬೇಕು. ಬ್ಯಾಟರಿ ಕಿತ್ತಾಯಿತಲ್ಲ ಅಂತ ಬೋರ್ಡ್ ಮುಟ್ಟಿದೆ. ಕರೆಂಟ್ ಕೂಡಿಟ್ಟುಕೊಂಡಿದ್ದ ಕೆಪಾಸಿಟರ್ ಚೆನ್ನಾಗಿಯೇ ಹೊಡೆಯಿತು. ವಿಕಿರಣಕ್ಕೆ ಹೆದರುತ್ತಾ ಕೂತವನಿಗೆ ಮೊದಲ ಏಟು ಕರೆಂಟಿನಿಂದ!

ಭಾನುವಾರ: ಮೇಜಿನ ಮೇಲೆ ಏನೂ ಇಡದೆ ಹತ್ತು ನಿಮಿಷ ಎಣಿಸಿದೆ. 220 ಟಿಕ್, ನಿಮಿಷಕ್ಕೆ 22. ಮಣ್ಣು, ಗೋಡೆ, ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣ ಎಲ್ಲ ಸೇರಿ ಇಷ್ಟು. ಒಂದು ನಿಮಿಷ 15 ಬಂದರೆ ಮುಂದಿನದು 29. ಮತ್ತೆ ಏನೋ ಕೆಟ್ಟಿತು ಅಂದುಕೊಂಡೆ. ವಿಕಿರಣದ ಸ್ವಭಾವವೇ ಹೀಗಂತೆ.

ಆಮೇಲೆ ಹಳೇ ರೇಡಿಯಂ ವಾಚ್ ತಂದಿಟ್ಟೆ, ಅಂಕಿಗಳಿಗೆ ವಿಕಿರಣ ಸೂಸುವ ರೇಡಿಯಂ ಬಣ್ಣ ಬಳಿದದ್ದು. ಅಂಕಿಗಳ ಬಣ್ಣ ಕಂದಿದೆ, ಕತ್ತಲಲ್ಲಿ ಚೂರೂ ಹೊಳೆಯುವುದಿಲ್ಲ. ರೇಡಿಯಂ ಮುಗಿದಿರಬೇಕು ಅನಿಸುತ್ತದೆ, ಅಲ್ವಾ? ಸವೆದಿರುವುದು ಜೊತೆಗೆ ಬೆರೆಸಿದ್ದ, ವಿಕಿರಣ ತಾಗಿ ಹೊಳೆಯುವ ಸತುವಿನ ಸಲ್ಫೈಡ್. ರೇಡಿಯಂ-226 ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. 20 ಸೆಂ.ಮೀ. ದೂರದಲ್ಲಿ ನಿಮಿಷಕ್ಕೆ 96, ಹತ್ತರಲ್ಲಿ 310. ಎರಡರಲ್ಲೂ 22 ಕಳೆದರೆ ಹೆಚ್ಚುಕಡಿಮೆ ನಾಲ್ಕು ಪಟ್ಟು, ದೂರ ಅರ್ಧವಾದರೆ ಲೆಕ್ಕದ ಪ್ರಕಾರ ಬರಬೇಕಾದಷ್ಟೇ. ಇನ್ನೂ ಹತ್ತಿರ ಹೋದರೆ ಲೆಕ್ಕ ತಪ್ಪುತ್ತದೆ, ಟ್ಯೂಬೇ ಹತ್ತು ಸೆಂ.ಮೀ. ಉದ್ದ ಇದೆಯಲ್ಲ. ತಗಡಿನ ಡಬ್ಬಿ ಮುಚ್ಚಿ ನೋಡಿದೆ, ಟಿಕ್ ಅಷ್ಟೇನೂ ತಗ್ಗಲಿಲ್ಲ. ಕೋಣೆಯ ಆ ತುದಿಗೆ ಇಟ್ಟೆ, 23ಕ್ಕೆ ಇಳಿಯಿತು.

ಬುಧವಾರ: ವಾಚಿನ ಹಿಂಬದಿ ತೆಗೆಯುವ ಆಸೆ ಜಾಸ್ತಿಯಾಗಿ ಸ್ಕ್ರೂಡ್ರೈವರ್ ಹಿಡಿದಿದ್ದೆ. ಗಾಜಿನೊಳಗೆ, ಆರರ ಅಂಕಿಯ ಕೆಳಗೆ, ಉಪ್ಪಿನ ಹರಳಿನಷ್ಟು ಕಂದು ಪುಡಿ ಕಂಡಿತು. ಅಲ್ಲಿಗೇ ಕೈಬಿಟ್ಟೆ. ರೇಡಿಯಂ ಸೂಸುವ ಆಲ್ಫಾ ಕಣವನ್ನು ಒಂದು ಹಾಳೆ ತಡೆಯುತ್ತದೆ, ಚರ್ಮದ ಮೇಲ್ಪದರವೂ ತಡೆಯುತ್ತದೆ. ಅದೇ ಪುಡಿ ಉಸಿರಿನಲ್ಲೋ ಬಾಯಲ್ಲೋ ಒಳಗೆ ಹೋದರೆ ಕತೆ ಬೇರೆ. ಮೈ ರೇಡಿಯಂ ಅನ್ನು ಕ್ಯಾಲ್ಸಿಯಂ ಅಂತಲೇ ತಿಳಿದು ಮೂಳೆಗೆ ಸೇರಿಸಿಕೊಳ್ಳುತ್ತದೆ. ಅಮೆರಿಕದಲ್ಲಿ ವಾಚಿನ ಅಂಕಿ ಬರೆಯುತ್ತಿದ್ದ ಹೆಣ್ಣುಮಕ್ಕಳು ಬ್ರಷ್ಷನ್ನು ತುಟಿಯಲ್ಲಿ ಚೂಪು ಮಾಡುತ್ತಿದ್ದರು. 1920ರ ದಶಕದಲ್ಲಿ ಎಷ್ಟೋ ಜನರ ದವಡೆ ಕೊಳೆಯಿತು. ನನ್ನ ಟ್ಯೂಬಿನ ಗೋಡೆ ಉಕ್ಕಿನದು, ಆಲ್ಫಾ ಅದಕ್ಕೆ ಕೇಳಿಸುವುದೇ ಇಲ್ಲ, ವಾಚಿನಿಂದ ಬಂದ ಟಿಕ್ ಬೇರೆ ಬಗೆಯ ವಿಕಿರಣದ್ದು. ಬರೀ ಟಿಕ್ ಎಣಿಸಿ ಪೂರ್ತಿ ಧೈರ್ಯ ತಂದುಕೊಳ್ಳುವ ಹಾಗಿಲ್ಲ.

ಗ್ಲೌಸ್ ಹಾಕಿ, ವಾಚಿನ ಹೊರಮೈಯನ್ನು ಒದ್ದೆ ಟಿಶ್ಯೂನಿಂದ ಒರೆಸಿ, ಟಿಶ್ಯೂ ಎಣಿಸಿದೆ. ಹತ್ತು ನಿಮಿಷಕ್ಕೆ 226 ಟಿಕ್, ಖಾಲಿ ಮೇಜಿನ 220ರ ಹತ್ತಿರವೇ. ಟ್ಯೂಬಿಗೆ ಕೇಳಿಸುವ ಮಟ್ಟಿಗೆ ಹೊರಗೆ ಸೋರಿದ ಲಕ್ಷಣ ಕಾಣಲಿಲ್ಲ. ವಾಚು ಜಿಪ್ ಕವರಿಗೆ, ಕವರು ಡಬ್ಬಿಗೆ, ಡಬ್ಬಿಯ ಮೇಲೆ ಚೀಟಿ. ರೇಡಿಯಂನಿಂದ ರೇಡಾನ್ ಅನ್ನುವ ವಿಕಿರಣಶೀಲ ಅನಿಲ ಬರುತ್ತಲೇ ಇರುತ್ತದೆ, ಹಾಗಾಗಿ ಮಲಗುವ ಕೋಣೆ ಬೇಡ, ಗಾಳಿಯಾಡುವ ಕಡೆ ಎತ್ತರದ ಕಪಾಟು.

ಮುಂದಿನ ವಾರ ಬೋರ್ಡಿಗೆ ಪ್ಲಾಸ್ಟಿಕ್ ಪೆಟ್ಟಿಗೆ. ಅದಕ್ಕೂ ಮೊದಲು ಆ ಕೆಪಾಸಿಟರಿಗೆ, ಕೂಡಿಟ್ಟ ಕರೆಂಟನ್ನು ಖಾಲಿ ಮಾಡಲು, ಒಂದು ಬ್ಲೀಡರ್ ರೆಸಿಸ್ಟರ್.