ಉತ್ತರಕಾಶಿಯಲ್ಲಿ ಯುಗಾದಿ, ಬೇವಿನ ಹೂವಿಲ್ಲದೆ

"ಬೇವು ಸಿಗದಿದ್ರೆ ಬರೀ ಬೆಲ್ಲ ತಿಂದ್ರೆ ಆಗಲ್ವಾ ಅಪ್ಪಾ?" ಅಂತ ಮಗಳು ಕೇಳಿದ್ದು ಶುಕ್ರವಾರ ರಾತ್ರಿ. ಅವಳು ಹುಟ್ಟಿ ಬೆಳೆದದ್ದು ಇಲ್ಲೇ. ಕಹಿ ತಿಂದು ಶುರುಮಾಡೋ ಹಬ್ಬ ಅವಳ ಕ್ಲಾಸಿನ ಯಾರ ಮನೆಯಲ್ಲೂ ಇಲ್ಲ. ಆಗಲ್ಲ ಕಣೆ ಅಂದೆ. ಯಾಕೆ ಅಂತ ಅವಳು ಮತ್ತೆ ಕೇಳಲಿಲ್ಲ, ನನಗೆ ಮಾತ್ರ ಆ ಪ್ರಶ್ನೆ ಹಬ್ಬ ಮುಗಿಯೋವರೆಗೂ ಬಿಡಲಿಲ್ಲ.

ಉತ್ತರಾಖಂಡದ ಉತ್ತರಕಾಶಿ ಇರೋದು 1,150 ಮೀಟರ್ ಎತ್ತರದಲ್ಲಿ, ಭಾಗೀರಥಿಯ ದಂಡೆ ಮೇಲೆ. ನಮ್ಮ ಮನೆಯ ಆಸುಪಾಸಿನಲ್ಲಿ ಬೇವಿನ ಮರ ಒಂದೂ ಇಲ್ಲ. ಬೇವಿಗೆ ಬಯಲಿನ ಬಿಸಿಲು ಬೇಕು, ಚಳಿಗಾಲದ ಇಬ್ಬನಿ ಹೆಪ್ಪುಗಟ್ಟಿದರೆ ಎಳೇ ಗಿಡ ಸುಟ್ಟುಹೋಗುತ್ತೆ. ಇಲ್ಲಿ ದಾರಿಬದಿಯಲ್ಲೆಲ್ಲ ಇರೋದು ಬಕಾಯನ್, ನಮ್ಮ ಕಡೆ ಹುಚ್ಚುಬೇವು ಅಂತಾರಲ್ಲ ಅದು. 1965ರಲ್ಲಿ ಶುರುವಾದ ನೆಹರು ಪರ್ವತಾರೋಹಣ ಸಂಸ್ಥೆ ಈ ಊರಲ್ಲೇ ಇರೋದರಿಂದ ಕೋರ್ಸಿಗೆ ಅಂತ ಕನ್ನಡದ ಹುಡುಗರು ಬರ್ತಾನೇ ಇರ್ತಾರೆ. ಯುಗಾದಿ ಹೊತ್ತಿಗೆ ಇಲ್ಲಿದ್ದವರು ಬಕಾಯನ್ನನ್ನೇ ಬೇವು ಅಂದುಕೊಂಡು ಕಿತ್ತು ತರೋದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಹುಚ್ಚುಬೇವು ವಿಷ, ಅದರಲ್ಲೂ ಅದರ ಕಾಯಿ. ಗುರುತು ಹಿಡಿಯೋದು ಸುಲಭ. ಬೇವಿನಲ್ಲಿ ಒಂದೇ ಕಡ್ಡಿಯ ಎರಡೂ ಬದಿಗೆ ಎಲೆಗಳು ಸಾಲಾಗಿ ಇರುತ್ತೆ, ಪ್ರತಿ ಎಲೆಯೂ ಕುಡುಗೋಲಿನ ಹಾಗೆ ಬಾಗಿರುತ್ತೆ. ಬಕಾಯನ್‌ನಲ್ಲಿ ಕಡ್ಡಿಯಿಂದ ಮತ್ತೆ ಕಡ್ಡಿ ಕವಲೊಡೆದು ಅದರಲ್ಲಿ ಎಲೆ ಇರುತ್ತೆ. ಹೂವು ನೇರಳೆ ಬಣ್ಣ. ಹಳದಿ ಗುಂಡುಕಾಯಿ ಚಳಿಗಾಲ ಕಳೆದರೂ ಬರೀ ಕೊಂಬೆಯಲ್ಲಿ ಗೊಂಚಲು ಗೊಂಚಲಾಗಿ ಜೋತುಬಿದ್ದಿರುತ್ತೆ. ಬೇವಿನ ಹೂವು ಬಿಳಿ, ಕಾಯಿ ಉದ್ದುದ್ದ. ಸ್ವಲ್ಪ ಅನುಮಾನ ಇದ್ದರೂ ಬಾಯಿಗೆ ಹಾಕಬೇಡಿ.

ನಾನು ಬೇವಿಗಾಗಿ ಚಡಪಡಿಸೋದನ್ನು ನೋಡಿದ್ದು ಮೇಲಿನ ಮನೆಯ ಬೋಡಿ. ದೊಡ್ಡಮ್ಮನಿಗೆ ಇಲ್ಲಿ ಬೋಡಿ ಅಂತಾರೆ, ನಮಗೂ ಅವರು ಬೋಡಿಯೇ. ಅವರ ಕಿರಿಮಗ ಋಷಿಕೇಶಕ್ಕೆ ಶೇರಿಂಗ್ ಜೀಪು ಓಡಿಸ್ತಾನೆ, ಆರೇಳು ತಾಸಿನ ದಾರಿ. ನಮಗೆ ಹೇಳದೆಯೇ ಅವನಿಗೆ ಫೋನ್ ಮಾಡಿ ತರಿಸಿದ್ದಾರೆ. ಶನಿವಾರ ಕತ್ತಲಾದ ಮೇಲೆ ಬಂದ ಅವನು ಡ್ರೈವರ್ ಸೀಟಿನ ಹಿಂದಿನಿಂದ ಒದ್ದೆ ಗೋಣಿಚೀಲ ಸುತ್ತಿದ ಕೊಂಬೆ ತೆಗೆದುಕೊಟ್ಟ. ಕ್ಯಾರಿಯರ್ ಮೇಲೆ ಹಾಕಿದ್ದರೆ ಗಾಳಿಗೆ ಒಣಗಿಬಿಡ್ತಿತ್ತು, ಅದಕ್ಕೇ ಒಳಗಿಟ್ಟುಕೊಂಡೆ ಅಂದ. ತಾಮ್ರದ ಬಣ್ಣದ ಚಿಗುರು, ಮುಟ್ಟಿದರೆ ರೇಷ್ಮೆ. ಹೂವು ಮಾತ್ರ ಒಂದೂ ಇರಲಿಲ್ಲ. ಉತ್ತರದಲ್ಲಿ ಬೇವು ಹೂ ಬಿಡೋದೇ ಏಪ್ರಿಲ್ ಬಂದ ಮೇಲೆ. ನಮ್ಮೂರು ತಿಪಟೂರಿನ ಕಡೆ ಯುಗಾದಿಗೆ ಮರದಡಿ ನೆಲವೆಲ್ಲ ಹೂವಿನಿಂದ ಬೆಳ್ಳಗಾಗಿರುತ್ತೆ. ಅವ್ವ ಸೀರೆಯ ಸೆರಗು ಹಾಸಿ, ಗೊಂಚಲು ಉದುರಿಸಿ, ಕಡ್ಡಿ ಆರಿಸ್ತಾ ಕೂತಿರ್ತಿದ್ದಳು. ಇಲ್ಲಿ ನಾವು ಚಿಗುರನ್ನೇ ಸಣ್ಣಗೆ ಹೆಚ್ಚಿ ಬೆಲ್ಲಕ್ಕೆ ಸೇರಿಸಿದೆವು. ಚಿಗುರಿನ ಕಹಿ ಚುರುಕು, ಹೂವಿನ ಹಾಗೆ ನಾಲಿಗೆಯ ಮೇಲೆ ನಿಧಾನವಾಗಿ ಹರಡಲ್ಲ. ಹಾಗಾಗಿ ಒಂದು ಪಾಲು ಚಿಗುರಿಗೆ ಆರು ಪಾಲು ಬೆಲ್ಲ, ಎರಡು ಪಾಲು ಹುರಿಗಡಲೆ.

ಈ ಸಲ ವಿಶ್ವಾವಸು ಸಂವತ್ಸರದ ಯುಗಾದಿ ಬಂದಿದ್ದು 2025ರ ಮಾರ್ಚ್ 30, ಭಾನುವಾರ. ಏಪ್ರಿಲ್ 1ಕ್ಕೆ ಗಂಗೋತ್ರಿ ರಾಷ್ಟ್ರೀಯ ಉದ್ಯಾನದ ಬಾಗಿಲು ತೆಗೀತಾರೆ, ಅಕ್ಷಯ ತದಿಗೆಗೆ ಗಂಗೋತ್ರಿ ದೇವಸ್ಥಾನದ್ದು. ದೇವಸ್ಥಾನ ಮತ್ತೆ ಮುಚ್ಚೋದು ದೀಪಾವಳಿಯ ಮಾರನೇ ದಿನ. ಜನರನ್ನು ಬೆಟ್ಟ ಹತ್ತಿಸೋ ನಮ್ಮ ಕಸುಬೂ ಹೆಚ್ಚುಕಡಿಮೆ ಅಷ್ಟರೊಳಗೇ ನಡೆಯೋದು. ಯುಗಾದಿಗೆ ಗೋದಾಮಿನಲ್ಲಿ ಸಾಮಾನು ಕಟ್ಟಬೇಕು. ಗೌರಿ-ಗಣೇಶನಿಗೆ ಮಳೆ ಮುಗಿದ ಮೇಲಿನ ತಂಡಗಳು ಬಂದಿಳಿಯುತ್ತವೆ. ದಸರೆಗೆ ಎಲ್ಲರೂ ಬೇಸ್ ಕ್ಯಾಂಪಿನಲ್ಲಿ. ಊರಿಗೆ ಹೋಗೋಕೆ ಪುರುಸೊತ್ತಾಗೋದು ಸಂಕ್ರಾಂತಿಗೆ ಮಾತ್ರ. ನಮ್ಮ ಅವ್ವನಿಗೆ ದೊಡ್ಡ ಹಬ್ಬ ಅಂದರೆ ಯುಗಾದಿ, ಸಂಕ್ರಾಂತಿ ಅಲ್ಲ.

ಭಾನುವಾರವಾದರೂ ಬೆಳಿಗ್ಗೆ ಗೋದಾಮಿಗೆ ಹೋಗಲೇಬೇಕಿತ್ತು, ಬೆಟ್ಟ ಹತ್ತೋ ಹಗ್ಗಗಳನ್ನು ಪರೀಕ್ಷಿಸಿ ನೋಡೋದು ಬಾಕಿ ಇತ್ತು. ಈ ಕೆಲಸವನ್ನು ಬೇರೆಯವರಿಗೆ ಬಿಡೋಕೆ ನನಗೆ ಮನಸ್ಸಾಗಲ್ಲ. ಇಡೀ ಹಗ್ಗವನ್ನು ಗೇಣು ಗೇಣಾಗಿ ಬೆರಳ ಸಂದಿಯಲ್ಲಿ ಹಾಯಿಸಬೇಕು, ಗ್ಲೌಸ್ ಇಲ್ಲದೆ, ಹಗಲು ಬೆಳಕಿನಲ್ಲಿ. ಎಲ್ಲಾದರೂ ಮೆತ್ತಗೆ, ಚಪ್ಪಟೆಯಾಗಿ ಸಿಕ್ಕರೆ ಒಳಗಿನ ಎಳೆ ಪೆಟ್ಟು ತಿಂದಿದೆ ಅಂತ ಅರ್ಥ. ಬಗ್ಗಿಸಿದಾಗ ದುಂಡಗೆ ಬಳುಕಬೇಕು, ಕಡ್ಡಿ ಮುರಿದ ಹಾಗೆ ಮಡಚಿಕೊಂಡರೆ ಆ ಹಗ್ಗದ ಕತೆ ಮುಗಿಯಿತು. ಜೀಪಿನ ಬ್ಯಾಟರಿಯ ಪಕ್ಕದಲ್ಲಿ ಇಟ್ಟು ತಂದ ಹಗ್ಗವನ್ನಂತೂ ನಂಬಲೇಬಾರದು. ಆಸಿಡ್ ಆವಿ ತಗುಲಿದ ನೈಲಾನ್ ಹೊರಗೆ ಚೆನ್ನಾಗಿಯೇ ಕಾಣುತ್ತೆ, ಭಾರ ಬಿದ್ದಾಗ ಹರಿಯುತ್ತೆ. ಬಳಸದೆ ಕಪಾಟಿನಲ್ಲೇ ಇಟ್ಟಿದ್ದರೂ ಹತ್ತು ವರ್ಷವಾದರೆ ತೆಗೆದುಹಾಕಬೇಕು. ತೆಗೆದಿದ್ದನ್ನು ಎರಡೆರಡು ಮೀಟರಿನ ತುಂಡು ಮಾಡಿಬಿಡಬೇಕು, ಇಡಿಯಾಗಿ ಬಿಟ್ಟರೆ ಅವಸರದಲ್ಲಿ ಯಾರೋ ಮತ್ತೆ ಎತ್ತಿಕೊಂಡು ಹೋಗ್ತಾರೆ. ಆ ತುಂಡಿನ ಒಳಗಿನ ಬಿಳೀ ಎಳೆ ಬಿಡಿಸಿಕೊಂಡು ಬಂದು ಮಾವಿನ ತೋರಣ ಪೋಣಿಸಿದೆವು, ಬಾಳೆನಾರು ಇಲ್ಲಿ ಎಲ್ಲಿ ಸಿಗಬೇಕು.

ಹೊಸಿಲಿಗೆ ಹೂವು ಹೊಂಚಬೇಕಾಗಿರಲಿಲ್ಲ. ಮಾರ್ಚ್ ಮಧ್ಯದಲ್ಲಿ ಇಲ್ಲಿನ ಹೂವಿನ ಹಬ್ಬ ಫೂಲ್ ದೇಯಿ ಶುರುವಾಗುತ್ತೆ. ಕೇರಿಯ ಮಕ್ಕಳು ಹೊತ್ತು ಮೂಡೋ ಮುಂಚೆಯೇ ಬುಟ್ಟಿ ಹಿಡಿದು ಬಂದು ಮನೆಮನೆಯ ಹೊಸಿಲಿಗೆ ಹಳದಿ ಫ್ಯೂಂಲಿ, ಕೆಂಪು ಬುರಾಂಶ್ ಇಟ್ಟು ಹೋಗ್ತವೆ. ಕೆಲವು ಕಡೆ ಇದು ಏಪ್ರಿಲ್ ಮಧ್ಯದ ಬೈಸಾಖಿವರೆಗೂ ನಡೆಯುತ್ತೆ. ಅವಕ್ಕೆ ಅಕ್ಕಿ, ಬೆಲ್ಲ ಕೊಟ್ಟು ಕಳಿಸಬೇಕು. ನಮ್ಮ ಮನೆಯಲ್ಲಿ ಆವತ್ತು ಬೇವು-ಬೆಲ್ಲ ಕೊಟ್ಟೆವು. ಎರಡು ಮಕ್ಕಳು ಉಗುಳಿದವು, ಒಂದು ಇನ್ನೊಂದು ಸಲ ಕೇಳಿ ತಿಂತು.

ಒಬ್ಬಟ್ಟಿನ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು, ಇಲ್ಲಿಗೆ ಬರೋ ತಂಡಗಳವರು ಕೇಳ್ತಾನೇ ಇರ್ತಾರೆ. ಉತ್ತರಕಾಶಿ ತಿಪಟೂರಿಗಿಂತ ಎತ್ತರ ಅಂದರೂ ಮುನ್ನೂರು ಮೀಟರಿನಷ್ಟೇ ವ್ಯತ್ಯಾಸ, ಬೇಳೆ ಬೇಯೋಕೆ ತೊಂದರೆ ಇಲ್ಲ. ತೊಂದರೆ ಕೊಡೋದು ಕಣಕ. ಗಾಳಿ ಒಣ, ಬೆಳಗಿನ ಚಳಿ ಇನ್ನೂ ಬಿಟ್ಟಿರಲ್ಲ. ಊರಿನಲ್ಲಿ ಎರಡು ತಾಸಿಗೆ ಹದವಾಗೋ ಕಣಕ ಇಲ್ಲಿ ನಾಲ್ಕು ತಾಸಾದರೂ ರಬ್ಬರಿನ ಹಾಗೆ ಎಳೆದುಕೊಳ್ಳುತ್ತೆ. ಎಣ್ಣೆಯಲ್ಲಿ ಮುಳುಗಿಸಿ, ಮುಚ್ಚಳ ಹಾಕಿ, ಬಿಸಿಲು ಬೀಳೋ ಕಿಟಕಿಯಲ್ಲಿಡಿ. ಚಿರೋಟಿ ರವೆ ಸಿಗಲ್ಲ, ದಪ್ಪ ರವೆ ಹಾಕಿದರೆ ತಟ್ಟುವಾಗ ಹರಿಯುತ್ತೆ. ಬರೀ ಮೈದಾದಲ್ಲೇ ಕಲಸೋದು ಕ್ಷೇಮ. ಬಯಲಿನಿಂದ ಬರೋ ಬೆಲ್ಲದಲ್ಲಿ ಪಸೆ ಜಾಸ್ತಿ, ನೇರವಾಗಿ ಬೇಳೆಗೆ ಹಾಕಿದರೆ ಹೂರಣ ನೀರಾಗುತ್ತೆ. ಮೊದಲು ಕರಗಿಸಿ, ಸೋಸಿ, ಅಂಟುಪಾಕ ಬಂದ ಮೇಲೆ ಬೇಳೆ ಸೇರಿಸಿ. ಅರ್ಧ ಕಿಲೋ ತೊಗರಿಬೇಳೆಗೆ ಅರ್ಧ ಕಿಲೋ ಬೆಲ್ಲಕ್ಕಿಂತ ಒಂದು ಹಿಡಿ ಕಡಿಮೆ. ಕಾಯಿ ವಿಶ್ವನಾಥನ ಗುಡಿ ಮುಂದಿನ ಅಂಗಡಿಯದ್ದು. ಅಲ್ಲಿ ಮೂರು ಒಡೆದರೆ ಒಂದು ಚೆನ್ನಾಗಿರುತ್ತೆ. ತೆಂಗಿನ ಸೀಮೆಯಲ್ಲಿ ಹುಟ್ಟಿದವನಿಗೆ ಕೊಬ್ಬರಿ ವಾಸನೆಯ ಕಾಯಿ ತುರಿಯುವಾಗ ಕೈ ಹಿಂದೆ ಸರಿಯುತ್ತೆ, ಆದರೂ ತುರಿದೆ.

ಗೋಮುಖದಿಂದಲೂ ಮೇಲಿರೋ ತಪೋವನದ ಕ್ಯಾಂಪಿನಲ್ಲಿ ಒಬ್ಬಟ್ಟು ಮಾಡಬೇಕು ಅನ್ನೋರಿಗೆ ಲೆಕ್ಕವೇ ಬೇರೆ. 4,400 ಮೀಟರಿನಲ್ಲಿ ನೀರು ಕುದಿಯೋದು 85-86 ಡಿಗ್ರಿಗೇ. ತೆರೆದ ಪಾತ್ರೆಯಲ್ಲಿ ಬೇಳೆಯನ್ನು ಎಷ್ಟು ಹೊತ್ತು ಕುದಿಸಿದರೂ ನಡುವೆ ಸುಣ್ಣದ ಹಾಗೆ ಉಳಿಯುತ್ತೆ. ಕುಕ್ಕರಿನ ಒಳಗೂ ಸಮುದ್ರಮಟ್ಟದಲ್ಲಿ ಬರೋ 120 ಡಿಗ್ರಿ ಬರಲ್ಲ, 113ರ ಸುಮಾರಿಗೆ ನಿಲ್ಲುತ್ತೆ. ಯಾಕಂದರೆ ವಿಷಲ್ಲಿನ ತೂಕ ಹೊರಗಿನ ಒತ್ತಡದ ಮೇಲೆ ಇಷ್ಟೇ ಅಂತ ಸೇರಿಸೋದು, ಹೊರಗಿನದ್ದೇ ಅಲ್ಲಿ ಕಡಿಮೆ. ಹಾಗಾಗಿ ಮನೆಯಲ್ಲಿ ಮೂರು ಕೂಗಿಗೆ ಆಗೋದು ಅಲ್ಲಿ ಆರು ಕೂಗು ಕೇಳುತ್ತೆ. ರಾತ್ರಿ ಬಟ್ಟಲಲ್ಲಿ ನೆನೆಹಾಕಿದರೆ ಬೆಳಿಗ್ಗೆಗೆ ಬೇಳೆ ಸಮೇತ ಮಂಜುಗಡ್ಡೆ. ಅಗಲ ಬಾಯಿಯ ಫ್ಲಾಸ್ಕಿಗೆ ಬಿಸಿನೀರು, ಬೇಳೆ ಹಾಕಿ ಸ್ಲೀಪಿಂಗ್ ಬ್ಯಾಗಿನ ಕಾಲ ಬಳಿ ಇಟ್ಟುಕೊಂಡು ಮಲಗಬೇಕು. ನೊರೆ ಉಕ್ಕಿ ವಿಷಲ್ಲಿನ ತೂತು ಕಟ್ಟಿಕೊಳ್ಳದ ಹಾಗೆ ಒಂದು ಚಮಚ ಎಣ್ಣೆ ಬಿಡೋದನ್ನು ಮರೆಯಬೇಡಿ, ಮೇಲೆ ಕುಕ್ಕರ್ ಕೆಟ್ಟರೆ ಇಡೀ ತಂಡಕ್ಕೆ ಊಟವಿಲ್ಲ.

ಮಧ್ಯಾಹ್ನ ಬೋಡಿಗೆ ಒಬ್ಬಟ್ಟು ತಗೊಂಡು ಹೋದೆವು. ಅವರು ಜವೆಗೋಧಿ ಬಿತ್ತಿದ ಮಣ್ಣಿನ ಕುಡಿಕೆಯ ಮುಂದೆ ಕೂತಿದ್ದರು. ಯುಗಾದಿಯ ದಿನವೇ ಇಲ್ಲಿ ಚೈತ್ರ ನವರಾತ್ರಿಯ ಮೊದಲ ದಿನ, ಅವರಿಗೆ ಉಪವಾಸ. ಮೈದಾ, ಬೇಳೆ ಯಾವುದನ್ನೂ ಮುಟ್ಟಲ್ಲ. ನನ್ನ ಹೆಂಡತಿಯ ಮುಖ ಸಣ್ಣಗಾಗಿದ್ದನ್ನು ನೋಡಿ, ಮಗಳ ಕೈಯಲ್ಲಿದ್ದ ಪುಟ್ಟ ಬಟ್ಟಲು ತೋರಿಸಿ, ಅದು ಕೊಡು ಅಂದರು. ಹುರಿಗಡಲೆ ಸೇರಿಸದೆ ಬೇವು, ಬೆಲ್ಲ ಮಾತ್ರ ಮಗಳು ಬೇರೆ ಎತ್ತಿಟ್ಟುಕೊಂಡಿದ್ದಳು. ಬೋಡಿ ಅಂಗೈ ಚಾಚಿ ತಗೊಂಡು, ಕಣ್ಣಿಗೊತ್ತಿಕೊಂಡು, ಪೂರ್ತಿ ಅಗಿದು ನುಂಗಿದರು. ಆಮೇಲೆ ಬೆರಳಿಗೆ ಅಂಟಿದ್ದನ್ನೂ ಬಿಡಲಿಲ್ಲ. ನಮ್ಮ ಅವ್ವನೂ ಪ್ರಸಾದ ಹಾಗೆಯೇ ತಿನ್ನೋದು.

ಅಲ್ಲಿಂದ ಬಂದವನೇ ಅವ್ವನಿಗೆ ಫೋನ್ ಮಾಡಿದೆ. ಅಣ್ಣನವರು ಬೆಂಗಳೂರಿಂದ ಬಂದು ಊಟ ಮುಗಿಸಿ ಆಗಲೇ ಹೊರಟಿದ್ದರು, ನಾಳೆ ಆಫೀಸು. ಹೊಸತೊಡಕಿಗೆ ಯಾರೂ ಇಲ್ಲ. ಮಾವಿನ ಸೊಪ್ಪು ಯಾರು ಕಿತ್ತುಕೊಟ್ಟರವ್ವ ಅಂದೆ. "ಕೆಳಗಲ ಮನೆ ಹುಡುಗ ಬಂದಿದ್ದ ಕಣಪ್ಪ, ಐವತ್ತು ರೂಪಾಯಿ ಕೊಟ್ಟೆ. ಬೇವಿನ ಮರ ಹತ್ತಲ್ಲ ಅಂದ. ಕೈಗೆ ಎಟುಕಿದಷ್ಟು ಹೂವು ನಾನೇ ಕಿತ್ಕೊಂಡೆ." ಅವಳ ಎಡಮಂಡಿ ನೋವು ಹೋದ ಕಾರ್ತೀಕದಿಂದ ಜಾಸ್ತಿಯಾಗಿದೆ. ಕಲ್ಲಿನ ಮೇಲೆ ನಿಂತುಕೊಂಡು ಕಿತ್ತಿರಬೇಕು, ನಾನು ಕೇಳಲಿಲ್ಲ.

ಹತ್ತೋದನ್ನು ನಾನು ಕಲಿತಿದ್ದೇ ಆ ಎರಡು ಮರಗಳಲ್ಲಿ. ಮಾವಿನ ಕೊಂಬೆಗೆ ಭಾರ ಬಿಡೋ ಮುಂಚೆ ಕೈಯಿಂದ ಅಲ್ಲಾಡಿಸಿ ನೋಡು, ಬುಡಕ್ಕೆ ಹತ್ತಿರ ಕಾಲಿಡು, ಒಣಗಿದ್ದನ್ನು ಹಿಡೀಬೇಡ ಅಂತ ಅಪ್ಪ ಕೆಳಗಿನಿಂದ ಕೂಗಿ ಹೇಳ್ತಿದ್ದ. ಮೊದಲೇ ಕಟ್ಟಿಟ್ಟ ಹಗ್ಗಕ್ಕೆ ಜುಮಾರ್, ಅಂದರೆ ಹಗ್ಗ ಕಚ್ಚಿ ಹಿಡಿಯೋ ಹಿಡಿಕೆ, ಹಾಕೋ ಮುಂಚೆ ಹಗ್ಗ ಬಿಗಿದಿರೋ ಆಂಕರನ್ನು ಎಳೆದು ನೋಡಿ ಅಂತ ಹೊಸಬರಿಗೆ ಹೇಳುವಾಗ ಬಾಯಿಗೆ ಬರೋದು ಅವನ ಮಾತೇ. ಊರೂರಿನವರನ್ನು ಬೆಟ್ಟ ಹತ್ತಿಸಿ ಸಂಬಳ ತಗೋತೀನಿ. ಅವ್ವ ಎರಡು ಗೊಂಚಲು ಹೂವಿಗೆ ಪಕ್ಕದ ಮನೆಯ ಹುಡುಗನ್ನ ಕಾಯ್ತಾಳೆ.

ಮಾತು ಮುಗಿಸೋ ಮುಂಚೆ ಅವಳು ಯಾವಾಗಲೂ ಕೇಳೋದನ್ನೇ ಕೇಳಿದಳು, "ಈ ಸಲ ಯಾವ ಕಡೆ ಹೋಗ್ತಿಯಾ? ಫೋನ್ ಸಿಗುತ್ತಾ?" 2024ರ ಜೂನ್‌ನಲ್ಲಿ ಇದೇ ಜಿಲ್ಲೆಯ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ ಒಂಬತ್ತು ಚಾರಣಿಗರು ತೀರಿಕೊಂಡರು. ನಾನಿದ್ದದ್ದು ಬೇರೆ ಕಣಿವೆಯಲ್ಲಿ, ಸಿಗ್ನಲ್ ಇರಲಿಲ್ಲ. ಟಿವಿಯಲ್ಲಿ ಉತ್ತರಕಾಶಿ ಅನ್ನೋ ಹೆಸರು ಕೇಳಿದವಳು, ನನ್ನ ದನಿ ಕೇಳೋವರೆಗೂ ಒಲೆ ಹಚ್ಚಿರಲಿಲ್ಲವಂತೆ. ಅದನ್ನು ಅವಳು ನನಗೆ ಹೇಳಲೇ ಇಲ್ಲ, ಅತ್ತಿಗೆ ಹೇಳಿದ್ದು. ಆವತ್ತಿನಿಂದ ದಾರಿಯ ವಿವರ, ಇಳಿದು ಬರೋ ದಿನ ಎಲ್ಲ ಬರೆದು ಅತ್ತಿಗೆಗೆ ಕಳಿಸಿ ಹೋಗ್ತೀನಿ. ಮುಂಚೆಯೇ ಮಾಡಬಹುದಿತ್ತು.

ಸಂಜೆ ಚಂದ್ರನನ್ನು ನೋಡೋಕೆ ರಿಡ್ಜ್, ಅಂದರೆ ಬೆಟ್ಟದ ಏಣು ಹತ್ತಿದೆವು. ಕಣಿವೆಯೊಳಗಿದ್ದರೆ ಯುಗಾದಿ ಚಂದ್ರ ಸಿಗಲ್ಲ. ಅಮಾವಾಸ್ಯೆ ಮುಗಿದದ್ದು ಶನಿವಾರ ಸಂಜೆ ನಾಲ್ಕೂವರೆಗೆ, ಭಾನುವಾರ ಹೊತ್ತು ಮುಳುಗುವಾಗ ಚಂದ್ರನಿಗೆ 26 ತಾಸಿನ ವಯಸ್ಸು. ಅಷ್ಟು ಎಳೇ ಚಂದ್ರ ಸೂರ್ಯನ ಹಿಂದೆ ಒಂದು ತಾಸು ಚಿಲ್ಲರೆಗೆ ಮುಳುಗುತ್ತೆ, ಪಶ್ಚಿಮದ ಬೆಟ್ಟ ಅದಕ್ಕೂ ಮುಂಚೆಯೇ ನುಂಗಿಬಿಟ್ಟಿರುತ್ತೆ. ಬಿದಿಗೆಗೆ ನೋಡಿದರಾಯಿತು ಅಂದರೆ ಮಗಳು ಕೇಳಲ್ಲ. ಏಳು ಗಂಟೆ ಹೊತ್ತಿಗೆ ಕೂದಲೆಳೆಯಷ್ಟು ಕಾಣಿಸಿತು. ಕೆಳಗೆ ಬಂದ ಮೇಲೆ ಗೊತ್ತಾಯ್ತು, ಅದೇ ಚಂದ್ರನನ್ನು ನೋಡಿ ರಂಜಾನ್ ಉಪವಾಸವೂ ಮುಗಿದು ನಾಳೆ ಹಬ್ಬ ಅಂತ. ಚಂದ್ರನ ಎರಡು ಕೋಡೂ ನಮಗೆ ಹೆಚ್ಚುಕಡಿಮೆ ಸಮ ಕಂಡವು. ಅವ್ವ ಹಿತ್ತಲಿನಿಂದ ನೋಡಿದಾಗ ಎಡಗೋಡು ಎತ್ತರ ಇತ್ತಂತೆ. ದಕ್ಷಿಣಕ್ಕೆ ಹೋದ ಹಾಗೆ ಅದರ ವಾಲು ಬದಲಾಗುತ್ತೆ, ಎರಡೂ ನಿಜ. ಮಳೆಯ ಲೆಕ್ಕ ಹೇಳೋದು ಮಾತ್ರ ಅವಳಿಗೆ ಕಂಡ ಕೋಡನ್ನು ನೋಡಿಯೇ.

ರಿಡ್ಜ್ ಮೇಲಿನಿಂದಲೇ ವಿಡಿಯೋ ಕರೆಯಲ್ಲಿ ಮೂವರೂ ಅವ್ವನಿಗೆ ನಮಸ್ಕಾರ ಮಾಡಿದೆವು. ಮೊಮ್ಮಗಳಿಗೆ ಆಶೀರ್ವಾದ ಮಾಡಿ, ಹೆಂಡತಿಯ ಹತ್ತಿರ ಒಬ್ಬಟ್ಟಿನ ಸಾರು ಹೇಗಾಯಿತು ಅಂತ ಕೇಳಿ, ಕೊನೆಗೆ ನನಗೆ, "ದಸರೆಗಾದ್ರೂ ಬಾರಪ್ಪ" ಅಂದಳು. ನೋಡ್ತೀನಿ ಅವ್ವ ಅಂದೆ. ವಿಜಯದಶಮಿ ಈ ಸಲ ಅಕ್ಟೋಬರ್ 2ಕ್ಕೆ. ಆ ವಾರ ನಮ್ಮದೊಂದು ತಂಡ ಸತೋಪಂಥ್ ಶಿಖರದ ಮೇಲಿರುತ್ತೆ, ಅವರ ಹಗ್ಗವನ್ನು ಬೆಳಿಗ್ಗೆಯೇ ನೋಡಿ ಬೇರೆ ಕಟ್ಟಿಟ್ಟು ಬಂದಿದ್ದೆ.